ಹಂಗಾಮು ಮತ್ತು ಋತು: ಕೃಷ್ಣಾ ತೀರದ ಮನೆಯಡುಗೆಯಲ್ಲಿ ಫಾರಸಿಯ ಎಲ್ಲೆ

ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲೂಕುಗಳಲ್ಲಿ ಒಕ್ಕಲುತನದ ಮಾತು ಬಂದರೆ 'ಹಂಗಾಮು' ಎಂಬ ಪದ ಬಾರದೆ ಇರದು. ಮುಂಗಾರು ಹಂಗಾಮು, ಹಿಂಗಾರು ಹಂಗಾಮು, ಕಬ್ಬು ನುರಿಸುವ ಹಂಗಾಮು. ಪದ ಫಾರಸಿಯದು, ಮೂಲದಲ್ಲಿ ಕಾಲ, ಸಮಯ ಎಂದು ಅರ್ಥ. ಅದರ ಜೊತೆಗೇ ಬಂದ 'ಫಸಲು', 'ಖಾರೀಫು', 'ರಬಿ' ಎಂಬಿವು ಅರಬ್ಬಿಯವಾದರೂ ಫಾರಸಿಯ ಬಾಯಿಂದಲೇ ಕನ್ನಡಕ್ಕೆ ಇಳಿದವು. ಖಾರೀಫು ಎಂದರೆ ಶರತ್ಕಾಲ, ರಬಿ ಎಂದರೆ ವಸಂತ. ಹೀಗೆ ಹೊಲದ ಋತುಗಳಿಗೆಲ್ಲ ಪಶ್ಚಿಮ ಏಷ್ಯಾದ ಹೆಸರುಗಳಿವೆ. ಆದರೆ ಅದೇ ಹೊಲದ ಬೆಳೆ ಮನೆಯ ಹೊಸ್ತಿಲು ದಾಟಿ ಒಲೆಯ ಬಳಿಗೆ ಬಂದೊಡನೆ ಈ ಪದಗಳೆಲ್ಲ ಹಿಂದೆ ಸರಿಯುತ್ತವೆ. ಅಡುಗೆಮನೆಯಲ್ಲಿ ಯಾರೂ ರಬಿಯ ಪಲ್ಯ, ಖಾರೀಫಿನ ರೊಟ್ಟಿ ಎನ್ನುವುದಿಲ್ಲ. ಅಲ್ಲಿ ಇರುವುದು ಶ್ರಾವಣ, ಎಳ್ಳಮಾವಾಸ್ಯೆ, ಭೋಗಿ, ಯುಗಾದಿ, ಚಾತುರ್ಮಾಸ. ಐದು ತಾಲೂಕುಗಳ ಆಹಾರದ ಇತಿಹಾಸವನ್ನು ಬರೆಯ ಹೊರಟವರು ಈ ಗೆರೆಯನ್ನು ಗಮನಿಸದೆ ಹೋದರೆ ಅರಮನೆಯ ಇತಿಹಾಸವನ್ನೇ ಮನೆಯ ಇತಿಹಾಸವೆಂದು ಬರೆಯುವ ಅಪಾಯವಿದೆ.

ಫಾರಸಿ ಇಲ್ಲಿಗೆ ಬಂದ ದಾರಿ ಸ್ಪಷ್ಟವಾಗಿದೆ. 15ನೆಯ ಶತಮಾನದ ಕೊನೆಗೆ ಸ್ಥಾಪಿತವಾಗಿ 1686ರವರೆಗೆ ಬಾಳಿದ ವಿಜಾಪುರದ ಆದಿಲಶಾಹಿಯು ಇರಾನಿನೊಡನೆ ಧರ್ಮ, ರಾಜತಂತ್ರ, ವಿದ್ವತ್ತುಗಳ ನಂಟನ್ನು ಇರಿಸಿಕೊಂಡಿತ್ತು. ಆ ರಾಜ್ಯದ ಇತಿಹಾಸವನ್ನು ಇಮ್ಮಡಿ ಇಬ್ರಾಹಿಮನ ಆಶ್ರಯದಲ್ಲಿ ಬರೆದ ಫಿರಿಸ್ತಾ ಹುಟ್ಟಿದ್ದು ಕ್ಯಾಸ್ಪಿಯನ್ ಸಮುದ್ರದ ಬಳಿಯ ಅಸ್ತರಾಬಾದಿನಲ್ಲಿ. ಒಂದನೆಯ ಇಬ್ರಾಹಿಮ ಆದಿಲಶಾಹನು (1534–1558) ಕಂದಾಯದ ಲೆಕ್ಕಗಳನ್ನು ಫಾರಸಿಯಿಂದ ದೇಸಿ ಭಾಷೆಗೆ ತಿರುಗಿಸಿದನೆಂದು ಫಿರಿಸ್ತಾನೇ ದಾಖಲಿಸಿದ್ದಾನೆ. ಲೆಕ್ಕದ ಭಾಷೆ ಬದಲಾದರೂ ಲೆಕ್ಕದ ಪದಗಳು ಉಳಿದವು: ಜಮೀನು, ತಾಲೂಕು, ರೈತ, ಬಜಾರು. ಅಥಣಿಯು ವಿಜಾಪುರದಿಂದ ಗೋವೆಗೆ ಹೋಗುವ ದಾರಿಯ ಪೇಟೆಯಾಗಿದ್ದುದನ್ನು 17ನೆಯ ಶತಮಾನದ ಐರೋಪ್ಯ ಪ್ರವಾಸಿಗರು ಕಂಡಿದ್ದಾರೆ. ಅದಕ್ಕೂ ಬಹಳ ಹಿಂದೆ, ರಟ್ಟರ ಕಾಲದ ಶಾಸನಗಳಲ್ಲಿ ರಾಯಬಾಗವು 'ಹೂವಿನಬಾಗೆ'. ಆ ಶಾಸನಗಳ ಅಳತೆ, ದತ್ತಿಗಳ ಮಾತಿನಲ್ಲಿ ಫಾರಸಿಯ ಸುಳಿವೂ ಇಲ್ಲ. ಕೊಳಗ, ಮಾನ, ಸೊಲ್ಲಗೆಗಳ ನಾಡಿಗೆ ಹಂಗಾಮು ಬಂದದ್ದು ಆಮೇಲೆ.

ಪೇಟೆಯ ಮೂಲಕ ಬಂದದ್ದು ಮಾತ್ರ ಅಲ್ಪವಲ್ಲ. ಬದಾಮು, ಪಿಸ್ತಾ, ಅಂಜೂರ, ಸೇಬು, ಖರ್ಬೂಜ, ಪುದೀನ, ಮೈದಾ ಇವೆಲ್ಲ ಫಾರಸಿಯ ಹೆಸರುಗಳೇ. ಅಥಣಿಯ ಪೂರ್ವಭಾಗದ ತೆಲಸಂಗ ಸುತ್ತಲಿನ ದ್ರಾಕ್ಷಿ ತೋಟಗಳ ಒಣದ್ರಾಕ್ಷಿಯನ್ನು ಗಡಿಯಾಚೆಯ ತಾಸಗಾಂವ ಪೇಟೆಯವರು 'ಬೇದಾಣಾ' ಎನ್ನುತ್ತಾರೆ. 'ಬೇ' ಎಂದರೆ ಇಲ್ಲದ, 'ದಾಣಾ' ಎಂದರೆ ಬೀಜ. ಬೀಜವಿಲ್ಲದ ದ್ರಾಕ್ಷಿಗೆ ಇದಕ್ಕಿಂತ ಸರಳ ಹೆಸರು ಬೇರೆ ಇರಲಾರದು. ಸಂತೆಯ ಜಿಲೇಬಿಯ ಕತೆಯೂ ಇಂಥದೇ. ಅದು ಅರಬ್ಬಿಯ 'ಜಲಾಬಿಯಾ', ಫಾರಸಿಯ 'ಜೂಲ್ಬಿಯಾ'. ಇರಾನಿನಲ್ಲಿ ಅದು ಇಂದಿಗೂ ರಮಜಾನಿನ ಸಿಹಿ. ಭಾರತದಲ್ಲಿ ಅದರ ಅತಿ ಹಳೆಯ ಉಲ್ಲೇಖಗಳಲ್ಲೊಂದು ದೊರೆಯುವುದು 1450ರ ಸುಮಾರಿನ ಜೈನ ಲೇಖಕ ಜಿನಸೂರನ 'ಪ್ರಿಯಂಕರನೃಪಕಥಾ'ದಲ್ಲಿ, ಒಬ್ಬ ಶ್ರೀಮಂತ ವರ್ತಕನ ಮನೆಯ ಊಟದ ಪ್ರಸಂಗದಲ್ಲಿ. ಹೊರಗಿನ ಸಿಹಿ ಮೊದಲು ಕಾಣಿಸಿಕೊಂಡದ್ದು ವರ್ತಕನ ಎಲೆಯ ಮೇಲೆ ಎಂಬುದರಲ್ಲಿ ಆಶ್ಚರ್ಯವಿಲ್ಲ. ಜಿಲೇಬಿ ಇಂದಿಗೂ ಸಂತೆಯಿಂದ ಕಟ್ಟಿಸಿಕೊಂಡು ಬರುವ ತಿನಿಸು. ಹಬ್ಬದ ದಿನ ಮನೆಯ ಒಲೆಯ ಮೇಲೆ ಆಗುವುದು ಹೋಳಿಗೆ.

ಪದಗಳ ಸಂಚಾರ ಒಂದೇ ದಿಕ್ಕಿನದಲ್ಲ. ಪ್ರಾಕೃತದ 'ಸಕ್ಕರಾ' ಫಾರಸಿಗೆ ಹೋಗಿ 'ಶಕರ್' ಆಯಿತು. 'ಖಂಡ'ವು 'ಕಂದ್' ಆಯಿತು. 'ಪಿಪ್ಪಲಿ'ಯು 'ಪಿಲ್ಪಿಲ್' ಆಯಿತು. ಇವೆಲ್ಲಕ್ಕಿಂತ ಕುತೂಹಲದ್ದು ಬದನೆ. ಸಂಸ್ಕೃತದ 'ವಾತಿಂಗಣ'ವೇ ಫಾರಸಿಯ 'ಬಾದಿಂಜಾನ್' ಎಂಬುದು ಭಾಷಾಶಾಸ್ತ್ರಜ್ಞರ ಮಾತು. ಇರಾನಿನ ಮನೆಯಡುಗೆ ಬದನೆಯಿಲ್ಲದೆ ನಡೆಯದು: ಕೆಂಡದಲ್ಲಿ ಸುಟ್ಟು ಬೆಳ್ಳುಳ್ಳಿಯೊಡನೆ, ಒಣಗಿಸಿದ ಮಜ್ಜಿಗೆಯ ಗಟ್ಟಿಯೊಡನೆ, ಚಳಿಗಾಲಕ್ಕೆಂದು ಹುಳಿಯಲ್ಲಿ ನೆನೆಹಾಕಿ. ಇತ್ತ ಕೃಷ್ಣಾ ತೀರದ ಎಣ್ಣೆಗಾಯಿ ಬದನೆ ಎಳ್ಳಮಾವಾಸ್ಯೆಯ ಬುತ್ತಿಯ ಅಲಂಕಾರ. ಆದರೆ ಕಟ್ಟುನಿಟ್ಟಾದ ಜೈನರ ಮನೆಗಳಲ್ಲಿ ಅದೇ ಬದನೆ ಬಹುಬೀಜವೆಂದು ವರ್ಜ್ಯ. ಹಾಗಿದ್ದೂ 16ನೆಯ ಶತಮಾನದ ಆದಿಭಾಗದ ಜೈನ ಕವಿ ಮೂರನೆಯ ಮಂಗರಸನ 'ಸೂಪಶಾಸ್ತ್ರ'ದಲ್ಲಿ ಬದನೆಯ ಪಾಕಗಳಿಗೆ ಉದಾರವಾದ ಸ್ಥಾನವಿದೆ. ಕವಿಯು ಕಲ್ಲಹಳ್ಳಿಯ ಅರಸು ಮನೆತನದವನು. ಬರೆದದ್ದು ಅರಮನೆಯ ಭೋಜನ. ವ್ರತಿಗಳ ಅಡುಗೆಮನೆಯೇ ಬೇರೆ ಎಂಬುದಕ್ಕೆ ಆ ಗ್ರಂಥವೇ ಸಾಕ್ಷಿ.

ಇಲ್ಲಿಯೇ ಆಧಾರಗಳ ತೊಡಕು ಎದುರಾಗುತ್ತದೆ. ಪಾಕಶಾಸ್ತ್ರದ ಹಳೆಯ ಗ್ರಂಥಗಳೆಲ್ಲ ಬಹುಪಾಲು ದೊರೆಗಳ ಸುತ್ತ ಹುಟ್ಟಿದವು. ಕಲ್ಯಾಣದ ಚಾಲುಕ್ಯ ಮುಮ್ಮಡಿ ಸೋಮೇಶ್ವರನ 'ಮಾನಸೋಲ್ಲಾಸ' 12ನೆಯ ಶತಮಾನದ್ದು. ಯಾವ ಋತುವಿಗೆ ಯಾವ ರಸ ಹಿತವೆಂಬ ವಿಚಾರ ಅದರಲ್ಲಿದೆ, ಆದರೆ ಉಣ್ಣುವವನು ಅರಸ. ಮಾಳವದ ಮಾಂಡುವಿನಲ್ಲಿ 1500ರ ಆಸುಪಾಸಿನಲ್ಲಿ ಫಾರಸಿಯಲ್ಲಿ ಸಿದ್ಧವಾದ 'ನಿಅಮತ್ ನಾಮಾ' ಸುಲ್ತಾನನ ರುಚಿಯ ಪುಸ್ತಕ. ಇರಾನಿನಲ್ಲಿ ಸಫವಿ ಕಾಲದ ಎರಡು ಪಾಕಗ್ರಂಥಗಳು, 1521ರದೊಂದು, 1594ರದೊಂದು. ಎರಡೂ ಬಾಣಸಿಗರು ಬರೆದವು, ಎರಡನೆಯವನು ಷಾ ಅಬ್ಬಾಸನ ಆಸ್ಥಾನದವನು. ಎರಡು ನಾಡುಗಳಲ್ಲೂ ಗಂಡಸರು ಆಸ್ಥಾನಕ್ಕಾಗಿ ಬರೆದರು, ಹೆಂಗಸರು ಬರೆಯದೆ ಬೇಯಿಸಿದರು. ಬರೆಯದ ಅಡುಗೆಗೆ ಉಳಿದ ದಾಖಲೆ ಪಂಚಾಂಗವೊಂದೇ. ಯಾವ ತಿಂಗಳಲ್ಲಿ ಏನನ್ನು ಒಣಗಿಸಿದರು, ಏನನ್ನು ಬಿಟ್ಟರು, ಏನನ್ನು ಹಂಚಿದರು ಎಂಬುದನ್ನು ಓದಬಲ್ಲವನಿಗೆ ಅದು ಶಾಸನಕ್ಕಿಂತ ಕಡಿಮೆಯಲ್ಲ.

ಹಾಗೆ ಓದಿದಾಗ ಇರಾನಿನ ಮನೆ ಮತ್ತು ಈ ಐದು ತಾಲೂಕುಗಳ ಮನೆ, ಒಂದರಿಂದೊಂದು ಏನನ್ನೂ ಕಲಿಯದೆ, ಒಂದೇ ಪ್ರಶ್ನೆಗೆ ಉತ್ತರ ಹುಡುಕಿದಂತೆ ತೋರುತ್ತದೆ. ಇರಾನಿನ ಗೃಹಿಣಿ ಪ್ರತಿಯೊಂದು ಪದಾರ್ಥವನ್ನೂ 'ಗರ್ಮ್' ಅಥವಾ 'ಸರ್ದ್' ಎಂದು ವಿಂಗಡಿಸುತ್ತಾಳೆ. ಅಕ್ರೋಟು, ಖರ್ಜೂರ, ಜೇನು ಗರ್ಮ್. ಮೊಸರು, ಸೌತೆ, ಮೀನು ಸರ್ದ್. ಇದರ ಹಿಂದೆ ಗ್ರೀಕರಿಂದ ಅರಬ್ಬರಿಗೆ ಬಂದ ಯುನಾನಿ ವೈದ್ಯವಿದೆ. ಇಲ್ಲಿಯ ಅಜ್ಜಿ ಉಷ್ಣ, ತಂಪು ಎನ್ನುತ್ತಾಳೆ. ಎಳ್ಳು, ಸಜ್ಜೆ, ಬೆಲ್ಲ ಉಷ್ಣ. ಜೋಳ, ಮಜ್ಜಿಗೆ, ಮೆಂತ್ಯ ಸೊಪ್ಪು ತಂಪು. (ಮೆಂತ್ಯದ ಕಾಳು ಉಷ್ಣವೋ ತಂಪೋ ಎಂಬ ಚರ್ಚೆಯಲ್ಲಿ ಎರಡು ಮನೆಯವರು ಒಪ್ಪಿದ್ದು ವಿರಳ.)

ಚಳಿಗಾಲದ ತುದಿಯಲ್ಲಿ ಎರಡೂ ಪಂಚಾಂಗಗಳು ತೀರ ಹತ್ತಿರ ಬರುತ್ತವೆ. ವರ್ಷದ ದೀರ್ಘತಮ ರಾತ್ರಿಯಾದ ಯಲ್ದಾದಂದು ಇರಾನಿನ ಕುಟುಂಬಗಳು ದಾಳಿಂಬೆ, ಕಲ್ಲಂಗಡಿ, ಒಣಹಣ್ಣುಗಳನ್ನು ಮುಂದಿಟ್ಟುಕೊಂಡು ಎಚ್ಚರವಿರುತ್ತವೆ. ಅದಾದ ಸುಮಾರು ಮೂರೂವರೆ ವಾರಕ್ಕೆ ಇಲ್ಲಿ ಭೋಗಿ: ಎಳ್ಳು ಹಚ್ಚಿದ ಸಜ್ಜೆಯ ರೊಟ್ಟಿ, ಅವರೆ, ಕಡಲೆ ಮುಂತಾದ ಹಸಿಕಾಳುಗಳು ಬೆರೆತ ಪಲ್ಯ. ಮರುದಿನ ಸಂಕ್ರಾಂತಿಯ ಎಳ್ಳುಬೆಲ್ಲ. ಸಂಕ್ರಾಂತಿಯೂ ಒಂದು ಕಾಲಕ್ಕೆ ಉತ್ತರಾಯಣದ ದಿನವೇ ಆಗಿತ್ತು. ಅಯನಚಲನೆಯಿಂದ ಶತಮಾನಗಳಲ್ಲಿ ಮುಂದೆ ಸರಿದಿದೆ. ಅಥಣಿ, ಕಾಗವಾಡದ ಎರೆಭೂಮಿಯಲ್ಲಿ ಅದೇ ದಿನಗಳಲ್ಲಿ ಹಿಂಗಾರಿ ಜೋಳದ ಹಾಲುತೆನೆಯನ್ನು ಕೆಂಡದಲ್ಲಿ ಸುಟ್ಟು ಸೀತನಿ ತಿನ್ನುತ್ತಾರೆ. ಗಾಣದಲ್ಲಿ ಬೆಲ್ಲ ಇಳಿಯುವ ಮುನ್ನ ತೆಗೆದ ಕಾಕವಿ ರೊಟ್ಟಿಗೆ ಜೊತೆಯಾಗುತ್ತದೆ. ಗುರೆಳ್ಳು, ಅಗಸೆ, ಶೇಂಗಾ ಹಿಂಡಿಗಳು ಗಡಿಗೆ ತುಂಬುತ್ತವೆ. ಚಳಿಯಲ್ಲಿ ಎಣ್ಣೆಕಾಳು ಎಂಬ ಒಂದು ಸೂತ್ರ ಇದಕ್ಕೆಲ್ಲ ಸಾಕು.

ಬೇಸಿಗೆ ಬಂತೆಂದರೆ ಎರಡೂ ಕಡೆ ಒಣಗಿಸುವ ಕೆಲಸ. ಇರಾನಿನಲ್ಲಿ ಪುದೀನ, ಸಬ್ಬಸಿಗೆ, ಮೆಂತ್ಯಗಳನ್ನು ನೆರಳಲ್ಲಿ ಒಣಗಿಸಿ, ಹಣ್ಣಿನ ರಸವನ್ನು ಹಾಳೆಯಂತೆ ಹರಡಿ ಚಳಿಗಾಲಕ್ಕೆ ಕಟ್ಟಿಡುತ್ತಾರೆ. ಇಲ್ಲಿ ಚೈತ್ರ, ವೈಶಾಖಗಳಲ್ಲಿ ಶಾವಿಗೆ, ಹಪ್ಪಳ, ಸಂಡಿಗೆ; ಸಂಕೇಶ್ವರದ ಮೆಣಸಿನಕಾಯಿಯ ವರ್ಷದ ಖಾರ; ಮಾವಿನ ಉಪ್ಪಿನಕಾಯಿ. ಅಲ್ಲಿ ಒಣಗಿಸುವುದು ಹಿಮಕ್ಕಾಗಿ, ಇಲ್ಲಿ ಮಳೆಗಾಗಿ. ಈ ವ್ಯತ್ಯಾಸ ಸಣ್ಣದಲ್ಲ. ಇರಾನಿನ ಚಳಿಗಾಲದಲ್ಲಿ ಹಸಿರು ಇರುವುದೇ ಇಲ್ಲ. ಆದ್ದರಿಂದಲೇ ವಸಂತವಿಷುವದ ನವರೋಜಿನಂದು ಸೊಪ್ಪು ಬೆರೆತ ಅನ್ನ, ಮೊಳೆಸಿದ ಗೋದಿಯ ಹಸಿರು ತಟ್ಟೆ ಮನೆಗೆ ಬರುವಾಗ ಅಷ್ಟು ಸಂಭ್ರಮ. ಕೃಷ್ಣೆ, ದೂಧಗಂಗೆ, ವೇದಗಂಗೆಗಳ ದಂಡೆಯಲ್ಲಿ ಆಷಾಢ, ಶ್ರಾವಣಗಳಲ್ಲಿ ಬದುವಿನ ಮೇಲೂ ಸೊಪ್ಪು ಬೆಳೆದು ನಿಂತಿರುತ್ತದೆ. ಅದೇ ಹೊತ್ತಿಗೆ ಜೈನರ ಅಡುಗೆಮನೆ ಸೊಪ್ಪಿಗೆ ಬಾಗಿಲು ಮುಚ್ಚುತ್ತದೆ. ಮಳೆಯಲ್ಲಿ ಎಲೆಯ ಮೇಲೆ, ಎಲೆಯ ಅಡಿಯಲ್ಲಿ ಸೂಕ್ಷ್ಮಜೀವಿಗಳು ಹೆಚ್ಚುವುದರಿಂದ ಚಾತುರ್ಮಾಸದಲ್ಲಿ ಎಲೆಪಲ್ಯ ವರ್ಜ್ಯ. ಅಲ್ಲಿ ಹಿಮ ತಂದ ಅಭಾವವನ್ನು ಇಲ್ಲಿ ವ್ರತ ತರುತ್ತದೆ. ಕಣ್ಣೆದುರಿನ ಸಮೃದ್ಧಿಯ ನಡುವೆ.

ಆ ನಾಲ್ಕು ತಿಂಗಳ ಅಡುಗೆಯನ್ನು ಬಡತನದ ಅಡುಗೆಯೆಂದು ತಿಳಿಯುವುದು ತಪ್ಪು. ಬೇಳೆ, ಕಡಲೆಹಿಟ್ಟಿನ ಝುಣಕ, ಸಂಡಿಗೆ, ಹುಣಸೆ, ಒಣಕೊಬ್ಬರಿ ಇವುಗಳಲ್ಲೇ ರುಚಿಯ ಪೂರ್ಣ ಸಂಸಾರವಿದೆ. ದ್ವಿದಳ ಧಾನ್ಯದೊಡನೆ ಮೊಸರು, ಮಜ್ಜಿಗೆ ಬೆರೆಯಬಾರದೆಂಬ ನಿಯಮದಿಂದ ಹುಳಿಯ ಹೊಣೆ ಹುಣಸೆ, ಆಮಸೋಲುಗಳ ಮೇಲೆ ಬೀಳುತ್ತದೆ. ಋತುವಿನ ಲೆಕ್ಕ ಅತ್ಯಂತ ನಿಖರವಾಗಿ ಕಾಣುವುದು ಹಿಟ್ಟಿನ ಕಾಲಮರ್ಯಾದೆಯಲ್ಲಿ. ದಿಗಂಬರ ಸಂಪ್ರದಾಯದ ಪ್ರಕಾರ ಬೀಸಿದ ಹಿಟ್ಟು ಚಳಿಗಾಲದಲ್ಲಿ 7 ದಿನ, ಬೇಸಿಗೆಯಲ್ಲಿ 5 ದಿನ, ಮಳೆಗಾಲದಲ್ಲಿ 3 ದಿನ ಮಾತ್ರ ಯೋಗ್ಯ. ತೇವ ಹೆಚ್ಚಿದಂತೆ ದಿನ ಇಳಿಯುತ್ತದೆ. ಯಾವ ಪಾಕಗ್ರಂಥದಲ್ಲೂ ಋತುವನ್ನು ಹೀಗೆ ಅಂಕೆಯಲ್ಲಿ ಹಿಡಿದದ್ದು ಅಪರೂಪ. ಬೀಸುವ ಕಲ್ಲಿನ ಕಾಲದಲ್ಲಿ ಈ ಅಂಕೆಯ ಭಾರವೆಲ್ಲ ಹೆಂಗಸರ ರಟ್ಟೆಯ ಮೇಲಿತ್ತು ಎಂಬುದನ್ನೂ ಮರೆಯಲಾಗದು.

ಈ ಶಿಸ್ತು ಇಲ್ಲಿ ಗಟ್ಟಿಯಾಗಿ ನಿಲ್ಲಲು ಮುನಿಪರಂಪರೆಯೂ ಕಾರಣ. 20ನೆಯ ಶತಮಾನದಲ್ಲಿ ದಿಗಂಬರ ಮುನಿಚರ್ಯೆಗೆ ಮರುಜೀವ ನೀಡಿದ ಭೋಜ ಗ್ರಾಮದ ಆಚಾರ್ಯ ಶಾಂತಿಸಾಗರರು (1872–1955), ಶೇಡಬಾಳದ ವಿದ್ಯಾನಂದರು (1925–2019), ಸದಲಗಾದ ವಿದ್ಯಾಸಾಗರರು (1946–2024) ಈ ಮಣ್ಣಿನವರೇ. ಮುನಿಯು ದಿನಕ್ಕೊಮ್ಮೆ, ನಿಂತು, ಅಂಗೈಯಲ್ಲಿ ಆಹಾರ ಸ್ವೀಕರಿಸುತ್ತಾನೆ. ಹಾಲು, ಮೊಸರು, ತುಪ್ಪ, ಎಣ್ಣೆ, ಸಿಹಿ, ಉಪ್ಪು ಎಂಬ ಆರು ರಸಗಳಲ್ಲಿ ಆತ ಯಾವುದನ್ನು ತ್ಯಜಿಸಿರುವನೋ ಅದಿಲ್ಲದೆಯೂ ಬಡಿಸಬಲ್ಲಂತೆ ಶ್ರಾವಕರ ಮನೆ ಸಿದ್ಧವಿರಬೇಕು. ಉಪ್ಪಿಲ್ಲದ ಬೇಳೆಗೆ, ಎಣ್ಣೆಯಿಲ್ಲದ ರೊಟ್ಟಿಗೆ ರುಚಿ ತರುವ ಹೊಣೆ ಪದಾರ್ಥದ ತಾಜಾತನದ ಮೇಲೆ, ಅಂದರೆ ಋತುವಿನ ಮೇಲೆಯೇ ಬೀಳುತ್ತದೆ.

ಹೊಲದ ಕಡೆಯಿಂದ ಈ ಪಂಚಾಂಗಕ್ಕೆ ಒತ್ತಡ ಬಂದಿದೆ. ನೀರಾವರಿ ಹೆಚ್ಚಿದಂತೆ ನದಿದಂಡೆಯ ಜೋಳದ ಹೊಲಗಳಲ್ಲಿ ಕಬ್ಬು ನಿಂತಿತು. ನಿಪ್ಪಾಣಿಯ ಕಪ್ಪುನೆಲವನ್ನು ಬಹುಕಾಲ ತಂಬಾಕು ಆಳಿತು. ಕಬ್ಬಿಗೆ ಹಂಗಾಮು ಉಂಟು, ಆದರೆ ಅದು ಕಾರ್ಖಾನೆಯ ಹಂಗಾಮು. ಸೀತನಿಗೆ ಜೋಳ, ಭೋಗಿಗೆ ಸಜ್ಜೆ ಈಗ ಅನೇಕ ಮನೆಗಳಿಗೆ ಪೇಟೆಯಿಂದ ಬರುತ್ತವೆ. ನದಿಯೂ ಸುಮ್ಮನಿಲ್ಲ. 2005, 2019 ಮತ್ತು 2021ರ ಮಹಾಪೂರಗಳು ಬಂದದ್ದು ಚಾತುರ್ಮಾಸದ ದಿನಗಳಲ್ಲಿ. ಎಂದರೆ ಬೇಸಿಗೆಯಲ್ಲಿ ಒಣಗಿಸಿ ಕಟ್ಟಿಟ್ಟ ಶಾವಿಗೆ, ಸಂಡಿಗೆ, ಕಾಳುಗಳು ಮನೆಯಲ್ಲಿ ತುಂಬಿರುವ ದಿನಗಳಲ್ಲಿ. ನೀರು ನುಗ್ಗಿದ ಮನೆಗಳಲ್ಲಿ ಹಾಳಾದದ್ದು ಒಂದು ದಿನದ ಊಟವಲ್ಲ, ಮುಂದಿನ ನಾಲ್ಕು ತಿಂಗಳ ವ್ರತದ ಆಧಾರ.

ಬೀಸುವ ಕಲ್ಲು ಹೋಗಿ ಓಣಿಗೊಂದು ಗಿರಣಿ ಬಂದಿದೆ. ಹಿಟ್ಟಿನ ಮರ್ಯಾದೆ ಕಾಯುವ ಮನೆಗಳಿಂದ ಶ್ರಾವಣದ ಜಿಟಿಜಿಟಿ ಮಳೆಯಲ್ಲೂ, ಮೂರನೆಯ ದಿನ ಕಳೆಯುವಷ್ಟರಲ್ಲಿ, ಮುಚ್ಚಿದ ಡಬ್ಬಿಯಲ್ಲಿ ಎರಡು ಸೇರು ಜೋಳ ಗಿರಣಿಗೆ ಹೋಗುತ್ತದೆ.