ದೃಶ್ಯ ನೆರವು: ಪರಿಚಿತ ಚಿತ್ರಗಳ ಬಳಕೆ

ಮಾತನ್ನು ಗ್ರಹಿಸಲು ಅಥವಾ ಆಡಲು ಕಷ್ಟಪಡುವ ಮಕ್ಕಳಿಗೆ, ಮುಖ್ಯವಾಗಿ ಆಟಿಸಂ ಇರುವವರಿಗೆ, ದಿನಚರಿಯನ್ನೂ ಆಯ್ಕೆಗಳನ್ನೂ ಕಣ್ಣಿಗೆ ಕಾಣುವಂತೆ ತಿಳಿಸುವ ಫೋಟೊ, ಚಿತ್ರ, ವಸ್ತುಗಳ ಏರ್ಪಾಡು. ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಎರಿಕ್ ಶಾಪ್ಲರ್ ಮತ್ತು ಸಂಗಡಿಗರು ಕಟ್ಟಿದ ‘ಟೀಚ್’ ಕಾರ್ಯಕ್ರಮ (1972) ಇಂಥ ನೆರವಿಗೆ ಬೋಧನೆಯಲ್ಲಿ ದೊಡ್ಡ ಸ್ಥಾನ ಕೊಟ್ಟಿತು. 1985ರಲ್ಲಿ ಆಂಡಿ ಬಾಂಡಿ ಮತ್ತು ಲೋರಿ ಫ್ರಾಸ್ಟ್, ಚಿತ್ರ ಕೊಟ್ಟು ಬೇಕಾದ್ದನ್ನು ಕೇಳುವ ‘ಪೆಕ್ಸ್’ ಪದ್ಧತಿ ರೂಪಿಸಿದರು.

ಸಿದ್ಧ ಚಿತ್ರ ಕಾರ್ಡುಗಳು ಎಲ್ಲರಿಗೂ ಒಂದೇ, ತೊಡಕೂ ಅಲ್ಲೇ. ಮನೆಯಲ್ಲಿ ಸ್ಟೀಲ್ ಲೋಟದಲ್ಲಿ ನೀರು ಕುಡಿಯುವ ಮಗುವಿಗೆ ಹಿಡಿಯಿರುವ ಮಗ್ಗಿನ ರೇಖಾಚಿತ್ರ ಏನನ್ನೂ ಹೇಳದಿರಬಹುದು. ಅದೇ ಲೋಟದ ಫೋಟೊ, ಅಜ್ಜಿಯ ಮುಖ, ಶಾಲೆಯ ಗೇಟು, ದಿನವೂ ಹತ್ತುವ ವ್ಯಾನು ಇದ್ದರೆ ಊಹಿಸುವ ಹೊರೆ ತಗ್ಗುತ್ತದೆ. ಹಿನ್ನೆಲೆ ಖಾಲಿಯಾಗಿರಬೇಕು, ಇಲ್ಲದಿದ್ದರೆ ಮಗುವಿನ ಗಮನ ಲೋಟ ಬಿಟ್ಟು ಹಿಂದಿನ ಕ್ಯಾಲೆಂಡರಿಗೆ ಹೋದೀತು. ಫೋಟೊವೂ ಅರ್ಥವಾಗದ ಮಗುವಿಗೆ ವಸ್ತುವನ್ನೇ ಕೈಗಿಡುತ್ತಾರೆ: ಸ್ನಾನಕ್ಕೆ ಚೊಂಬು, ಹೊರಗೆ ಹೊರಡಲು ಚಪ್ಪಲಿ.

ಒಂದೇ ಫೋಟೊಗೆ ಅಂಟಿಕೊಂಡ ಮಗು ಬೇರೆ ಲೋಟವನ್ನು ಒಪ್ಪದಿರುವುದುಂಟು. ಆದ್ದರಿಂದ ಬರಬರುತ್ತಾ ಬೇರೆ ಬೇರೆ ಲೋಟಗಳ ಚಿತ್ರ ಸೇರಿಸಬೇಕು. ಮಾತು ಬಂತೆಂದು ಚಿತ್ರಗಳನ್ನು ಕಿತ್ತುಕೊಳ್ಳುವುದು ಅನ್ಯಾಯ. ಗಾಬರಿಯಲ್ಲಿ ಮಾತು ಹೊರಡದಾಗ ಮಗು ಅವುಗಳನ್ನೇ ಹುಡುಕುತ್ತದೆ.