ಶರಾವತಿ ವಿದ್ಯುದಾಗಾರ: ಕಂಟ್ರೋಲ್ ರೂಮಿನ ಕಥೆ

ಲಿಂಗನಮಕ್ಕಿ ಜಲಾಶಯದ ನೀರು ತಳಕಳಲೆ ಜಲಾಶಯಕ್ಕೆ ಬಂದು, ಅಲ್ಲಿಂದ ಪೆನ್‌ಸ್ಟಾಕ್‌ಗಳಲ್ಲಿ ಧುಮುಕಿ ಶರಾವತಿ ವಿದ್ಯುದಾಗಾರದ ಟರ್ಬೈನ್ ತಿರುಗಿಸಲು ತೊಡಗಿ ಅರವತ್ತು ವರ್ಷ ದಾಟಿತು. 1965ರ ಜನವರಿಯಲ್ಲಿ ಪ್ರಧಾನಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಯೋಜನೆಯನ್ನು ರಾಷ್ಟ್ರಕ್ಕೆ ಸಮರ್ಪಿಸಿದರು. ತಲಾ 89.1 ಮೆಗಾವಾಟ್‌ನ ಹತ್ತು ಯೂನಿಟ್‌ಗಳು ಮುಂದೆ 103.5ಕ್ಕೇರಿ, ಒಟ್ಟು ಸಾಮರ್ಥ್ಯ 1035 ಮೆಗಾವಾಟ್ ಆಯಿತು. ಈ ಅಂಕಿಗಳು ಎಲ್ಲರಿಗೂ ಗೊತ್ತು. ಯಂತ್ರ ನಡೆಸಿದವರ ಕೈಚಳಕದ ಬಗ್ಗೆ ಬರೆದದ್ದು ಕಡಿಮೆ.

ಯೂನಿಟನ್ನು ಗ್ರಿಡ್‌ಗೆ ಸೇರಿಸುವ ಹೊತ್ತನ್ನೇ ನೋಡಿ. ಮೊದಲು ವೋಲ್ಟೇಜ್ ಹೊಂದಿಸಬೇಕು. ಆಮೇಲೆ ಗವರ್ನರ್‌ನಲ್ಲಿ ವೇಗವನ್ನು ಕೂದಲೆಳೆಯಷ್ಟು ಹೆಚ್ಚಿಸಿ, ಸಿಂಕ್ರೊಸ್ಕೋಪಿನ ಮುಳ್ಳು ನಿಧಾನಕ್ಕೆ ಸುತ್ತುತ್ತ ಹನ್ನೆರಡರ ಗುರುತಿಗೆ ಬರುವುದಕ್ಕೆ ತುಸು ಮುಂಚೆ ಬ್ರೇಕರ್ ಹಾಕಬೇಕು. ಅವಸರ ಮಾಡಿದರೆ ಇಡೀ ಜನರೇಟರ್ ಅದುರುತ್ತದೆ. ಅರವತ್ತರ ದಶಕದ ಆಪರೇಟರುಗಳು ಇದನ್ನು ಹಿರಿಯರ ಪಕ್ಕದಲ್ಲಿ ನಿಂತು ಕಲಿತರು. ಶಬ್ದ ಕೇಳಿಯೇ ಬೇರಿಂಗ್ ಸರಿಯಿಲ್ಲವೆಂದು ಹೇಳಬಲ್ಲವರಿದ್ದರು.

ಆದರೂ ಹಳೆಯದು ಹಾಗೇ ಇರಲಿ ಎನ್ನುವವನು ನಾನಲ್ಲ. ಹಳೆಯ ರಿಲೇಗಳಿಗೆ ಬಿಡಿಭಾಗ ಸಿಗುವುದೇ ಕಷ್ಟ. ಯೂನಿಟ್ ಟ್ರಿಪ್ ಆದರೆ ರಿಲೇಗಳಲ್ಲಿ ಬಿದ್ದ ಸೂಚಕ ಫ್ಲ್ಯಾಗ್‌ಗಳನ್ನು ನೋಡಿ ಯಾವ ದೋಷ ಮೊದಲು, ಯಾವುದು ಆಮೇಲೆ ಎಂದು ತಾಳೆ ಹಾಕುತ್ತ ಕೂರಬೇಕಿತ್ತು. ನ್ಯೂಮರಿಕಲ್ ರಿಲೇಗಳು ಅದನ್ನು ಮಿಲಿಸೆಕೆಂಡಿನ ಲೆಕ್ಕದಲ್ಲಿ ಬರೆದಿಡುತ್ತವೆ. ಡಿಜಿಟಲ್ ಗವರ್ನರ್, ಸ್ಟ್ಯಾಟಿಕ್ ಎಕ್ಸೈಟೇಶನ್, ಸ್ಕಾಡಾ: ಹಳೆಯ ಜಲವಿದ್ಯುದಾಗಾರಗಳನ್ನು ನವೀಕರಿಸುವಾಗ ಇವು ಬಂದೇ ಬರುತ್ತವೆ, ಬರಲೇಬೇಕು. ಏಕೆಂದರೆ ಗ್ರಿಡ್ ಏರುಪೇರಾದಾಗ ಕ್ಷಣದಲ್ಲಿ ಉತ್ಪಾದನೆ ಹೊಂದಿಸುವ ಕೆಲಸವನ್ನು ಇಂದು ಜಲವಿದ್ಯುತ್ತಿನಿಂದಲೇ ಹೆಚ್ಚು ನಿರೀಕ್ಷಿಸುತ್ತಾರೆ.

2016ರ ಫೆಬ್ರವರಿಯ ಬೆಂಕಿಯನ್ನು ಮರೆಯುವಂತಿಲ್ಲ. ಕಂಟ್ರೋಲ್ ರೂಮಿನ ಕೇಬಲ್, ಪ್ಯಾನೆಲ್‌ಗಳು ಸುಟ್ಟು ಉತ್ಪಾದನೆ ನಿಂತಿತು. ಅಣೆಕಟ್ಟೆಯಲ್ಲಿ ನೀರಿದ್ದರೂ ವಿದ್ಯುತ್ ಇರಲಿಲ್ಲ. ನಿಯಂತ್ರಣ ವ್ಯವಸ್ಥೆ ಎಷ್ಟು ಮುಖ್ಯವೆಂಬುದನ್ನು ರಾಜ್ಯ ಅಂದು ಕಂಡಿತು. ಯೂನಿಟ್‌ಗಳು ಒಂದೊಂದಾಗಿ ಮತ್ತೆ ತಿರುಗಿದ್ದರ ಹಿಂದೆ ಎಂಜಿನಿಯರ್, ಎಲೆಕ್ಟ್ರಿಷಿಯನ್, ಗುತ್ತಿಗೆ ಕೆಲಸಗಾರರೆಲ್ಲರ ದುಡಿಮೆಯಿದೆ. ಅವರಿಗೆ ಗೌರವ ಸಲ್ಲಲೇಬೇಕು.

ನವೀಕರಣಕ್ಕಾಗಿ ಪ್ಯಾನೆಲ್ ಬದಲಾಯಿಸುವಾಗ ಹಳೆಯ ಡ್ರಾಯಿಂಗ್, ಲಾಗ್‌ಶೀಟ್‌ಗಳು ಗುಜರಿಗೆ ಹೋಗದಿರಲಿ. ನಿವೃತ್ತ ಬಂಧುಗಳೇ, ನಿಮ್ಮ ಬಳಿ ಇರುವ ನೋಟ್‌ಬುಕ್, ಫೋಟೊಗಳನ್ನು ಕೊಡಿ. ಶಿಫ್ಟಿನ ಅನುಭವಗಳನ್ನು ಬರೆದು ಕಳಿಸಿ. ಬರೆಯಲಾಗದವರ ಮನೆಗೆ ಕಿರಿಯ ಸಹೋದ್ಯೋಗಿಗಳು ಹೋಗಿ ಕೇಳಿ ಬರೆದುಕೊಳ್ಳಲಿ.