ಸಿನಿಮಾ ಟಿಕೆಟ್ಟಿನ ತಾರೀಖು: ‘ದೃಶ್ಯ’ದ ಮೂಲದ ಬಗ್ಗೆ ಒಂದು ತಕರಾರು

ಜೀತು ಜೋಸೆಫ್ ಅವರ ಮಲಯಾಳಂ ‘ದೃಶ್ಯಂ’ (2013) ಕೀಗೊ ಹಿಗಾಶಿನೊ ಅವರ 2005ರ ಜಪಾನಿ ಕಾದಂಬರಿ ‘ದಿ ಡಿವೋಷನ್ ಆಫ್ ಸಸ್ಪೆಕ್ಟ್ ಎಕ್ಸ್’ನಿಂದ ಎತ್ತಿದ್ದು ಎಂಬ ಮಾತು ಇನ್ನೂ ಚಲಾವಣೆಯಲ್ಲಿದೆ. ನಿರ್ದೇಶಕರು ಇದನ್ನು ಅಲ್ಲಗಳೆದಿದ್ದಾರೆ. ಆದರೆ ಕರ್ತೃವಿನ ನಿರಾಕರಣೆಯನ್ನು ಪುರಾವೆಯೆಂದು ಒಪ್ಪಲಾಗದು. ಆರೋಪ ಹೊರಿಸುವವರ ಕೈಯಲ್ಲಿರುವ ಗಟ್ಟಿ ಸಾಕ್ಷಿ ಸಿನಿಮಾ ಟಿಕೆಟ್ಟು. ಎರಡೂ ಕಥೆಗಳಲ್ಲಿ ಪೀಡಕನೊಬ್ಬ ತಾಯಿ–ಮಗಳ ಕೈಯಲ್ಲಿ ಸಾಯುತ್ತಾನೆ, ಬುದ್ಧಿವಂತನೊಬ್ಬ ಅವರ ರಕ್ಷಣೆಗೆ ನಿಲ್ಲುತ್ತಾನೆ, ‘ಆವತ್ತು ನಾವು ಸಿನಿಮಾಕ್ಕೆ ಹೋಗಿದ್ದೆವು’ ಎಂಬ ಉತ್ತರ ಪೊಲೀಸರಿಗೆ ಸಿಗುತ್ತದೆ. ಹೋಲಿಕೆ ಇಲ್ಲವೆನ್ನುವುದು ಹಟವಾದೀತು.

ಆದರೆ ಆ ಟಿಕೆಟ್ಟನ್ನು ತಾರೀಖಿನ ಸಮೇತ ಓದಬೇಕು. ಹಿಗಾಶಿನೊ ಕಥೆಯಲ್ಲಿ ಕೊಲೆಯಾಗುವುದು ಮಾರ್ಚ್ 9ರಂದು. ಗಣಿತದ ಮೇಷ್ಟ್ರು ಇಶಿಗಾಮಿ ಮರುದಿನ ನಿರ್ಗತಿಕನೊಬ್ಬನನ್ನು ಕೊಂದು, ಆ ಹೆಣವನ್ನೇ ಮೊದಲು ಸತ್ತವನದೆಂದು ನಂಬಿಸುತ್ತಾನೆ. ತಾಯಿ–ಮಗಳು ಹತ್ತರಂದು ಸಿನಿಮಾ ನೋಡಿದ್ದು ನಿಜವೇ; ಅವರ ಟಿಕೆಟ್ಟು ಸತ್ಯ, ಕೊಲೆಯ ದಿನ ಸುಳ್ಳು. ‘ದೃಶ್ಯಂ’ನಲ್ಲಿ ಇದು ಪೂರ್ತಿ ತಿರುವುಮುರುವು. ಸತ್ತ ಹುಡುಗ ಕಾಣೆಯಾದ ದಿನ ಪೊಲೀಸರಿಗೆ ಗೊತ್ತು, ಅದರಲ್ಲಿ ಮೋಸವಿಲ್ಲ. ಸುಳ್ಳಾಗಿರುವುದು ಕುಟುಂಬದ ಪ್ರಯಾಣದ ದಿನ: ಕೊಲೆಯ ನಂತರ ಹೋಗಿಬಂದು, ಕಂಡಕ್ಟರು, ಹೋಟೆಲಿನವರು, ಚಿತ್ರಮಂದಿರದವರ ನೆನಪಿನಲ್ಲಿ ಹಿಂದಿನ ತಾರೀಖನ್ನು ನೆಡಲಾಗುತ್ತದೆ. ಜಪಾನಿ ಕಥೆಗೆ ಹೆಣ ಸಿಗಲೇಬೇಕು. ಇದಕ್ಕೆ ಹೆಣ ಸಿಗಲೇಬಾರದು. ಮೂಲದ ಯುಕ್ತಿಯನ್ನು ಮಗುಚಿ ಹಾಕಿದ್ದೇ ಚಾಣಾಕ್ಷ ನಕಲು ಎಂದು ಯಾರಾದರೂ ವಾದಿಸಬಹುದು. ಹಾಗೆಂದರೆ ಪತ್ತೇದಾರಿ ಸಾಹಿತ್ಯದಲ್ಲಿ ಸುಳ್ಳು ಅಲಿಬಿ ಇರುವ ಪ್ರತಿ ಕಥೆಯೂ ಇನ್ನೊಂದರ ನಕಲಾಗುತ್ತದೆ. ಇಶಿಗಾಮಿಯ ಯುಕ್ತಿ ಒಬ್ಬನೇ ಕೂತು ಬಿಡಿಸಿದ ಲೆಕ್ಕ. ‘ದೃಶ್ಯಂ’ನದು ನಿಲ್ಲುವುದು ಸುಳ್ಳೆಂದು ತಿಳಿಯದೆ ಪ್ರಾಮಾಣಿಕವಾಗಿ ಸಾಕ್ಷಿ ಹೇಳುವ ಹತ್ತಾರು ಜನರ ಮೇಲೆ.

ಈ ಸಾಕ್ಷಿದಾರರನ್ನು ಮರೆತದ್ದರಿಂದಲೇ ಕನ್ನಡದ ರೀಮೇಕ್ ‘ದೃಶ್ಯ’ವೂ ಉಪೇಕ್ಷೆಗೊಳಗಾಯಿತು. ಪಿ. ವಾಸು ನಿರ್ದೇಶನದ ಈ ಚಿತ್ರ 2014ರ ಜೂನ್ 20ರಂದು, ತೆಲುಗಿನದಕ್ಕಿಂತ ಮೂರು ವಾರ ಮೊದಲೇ, ತೆರೆಕಂಡಿತು. ತಮಿಳು, ಹಿಂದಿ ರೂಪಗಳು ಬಂದದ್ದು ಮರುವರ್ಷ. ಆದರೂ ರೀಮೇಕಿನ ಚರ್ಚೆ ಕಮಲಹಾಸನ್, ಅಜಯ್ ದೇವಗನ್ ಹೆಸರಿನಿಂದಲೇ ಶುರುವಾಗುತ್ತದೆ. ಇದು ಆಲಸ್ಯವೆಂದೇ ನನ್ನ ಎಣಿಕೆ. ಕನ್ನಡದಲ್ಲಿ ರವಿಚಂದ್ರನ್ ಮಾಡಿದ ಕೇಬಲ್ ಟಿವಿಯವನ ಪಾತ್ರಕ್ಕೆ ರಾಜೇಂದ್ರ ಪೊನ್ನಪ್ಪ ಎಂಬ ಕೊಡಗಿನ ಹೆಸರಿಟ್ಟಾಗ ಕಥೆ ಮಲಯಾಳಂ ಮೂಲದ ಇಡುಕ್ಕಿಯ ಬೆಟ್ಟದ ಬದುಕಿನಿಂದ ಅಂಥದೇ ಇನ್ನೊಂದಕ್ಕೆ ದಾಟಿತು. ಕೊಪ್ಪ–ನರಸಿಂಹರಾಜಪುರ ಸೀಮೆಯ ಶೆಟ್ಟಿಕೊಪ್ಪದಂಥ ಊರಿನ ಪ್ರೇಕ್ಷಕನಿಗೆ, ಕೇಬಲ್ಲಿನವನ ಮುಖವನ್ನು ಕಂಡಕ್ಟರು ನೆನಪಿಟ್ಟುಕೊಳ್ಳುವುದು ಹೇಗೆಂದು ವಿವರಿಸಬೇಕಿಲ್ಲ.

2019ರ ಚೀನೀ ರೂಪ ಕೊನೆಯಲ್ಲಿ ನಾಯಕನಿಂದ ತಪ್ಪೊಪ್ಪಿಸಿತು. ಆದರೂ ನೆನಪಿನ ಯುಕ್ತಿಯನ್ನು ಕೈಬಿಡಲಿಲ್ಲ. 2024ರಲ್ಲಿ ಪನೋರಮಾ ಸ್ಟುಡಿಯೋಸ್ ಹಾಲಿವುಡ್ ರೂಪವನ್ನೂ ಘೋಷಿಸಿತು. ಅದರ ಚಿತ್ರಕಥೆ ಬರೆಯುವವರಿಗೆ ಹಿಗಾಶಿನೊಗಿಂತ ಪೊನ್ನಪ್ಪನೇ ಹೆಚ್ಚು ಉಪಯೋಗಕ್ಕೆ ಬರುತ್ತಾನೆ: ಜನ ಸ್ವಂತ ಕಾರಿನಲ್ಲಿ ಓಡಾಡುವ, ದುಡ್ಡನ್ನು ಕಾರ್ಡಿನಲ್ಲಿ ಕೊಡುವ ಊರಿನಲ್ಲಿ ಕಂಡಕ್ಟರನ ಜಾಗಕ್ಕೆ ಯಾರನ್ನು ತರುವುದೆಂದು ಅವರು ಮೊದಲು ಗೊತ್ತುಮಾಡಿಕೊಳ್ಳಬೇಕು.